ಚೆಲ್ಲಿದ ಮೇವಿನ ತೂಕ

ನನ್ನ ಮೊರ ನೋಡಿ ಲ್ಯಾಬ್‌ನಲ್ಲಿ ಎಲ್ಲರೂ ನಕ್ಕರು. ನಗಲಿ, ನನಗೇನು! ಡಾಲಸ್‌ಗೆ ಹೋಗಿದ್ದಾಗ ಕ್ಯಾರಲ್ಟನ್‌ನ ಅಂಗಡಿಯಲ್ಲಿ ಗೌರಿ ಹಬ್ಬದ ಬಾಗಿನಕ್ಕೆಂದು ಕೊಂಡು, ಮಿಕ್ಕಿ ಉಳಿದಿದ್ದ ಮೊರ ಅದು.

ಹ್ಯೂಸ್ಟನ್ ಹೊರವಲಯದ ಆ ಲ್ಯಾಬ್‌ನಲ್ಲಿ ನನ್ನ ಕೆಲಸ ಗೌಜಲಕ್ಕಿಗಳಿಗೆ ವಿಷ ಉಣಿಸುವುದು. ಮುಚ್ಚುಮರೆ ಏಕೆ? ಬೆಳೆಗೆ ಹೊಡೆಯುವ ಹೊಸ ಔಷಧಿಯನ್ನು ಮೇವಿಗೆ ಬೆರೆಸಿ ಐದು ದಿನ ಕೊಡಬೇಕು, ಆಮೇಲೆ ಮೂರು ದಿನ ಬರೀ ಮೇವು. ಎಷ್ಟು ತಿಂದವು, ಎಷ್ಟು ಸತ್ತವು ಎಂದು ಬರೆದು ಸಹಿ ಹಾಕಬೇಕು.

ಆ ಸಲ ಒಂದೂ ಸಾಯಲಿಲ್ಲ. ಬಟ್ಟಲುಗಳೆಲ್ಲ ಖಾಲಿ, ಆದರೆ ಹಕ್ಕಿಗಳು ಬಡಕಲಾಗಿದ್ದವು. ತಿಂದ ಮೈ ಹೀಗಿರುತ್ತದೆಯೇ? ಗೂಡಿನ ಕೆಳಗಿನ ತಟ್ಟೆಗಳಲ್ಲಿ ಮೇವು, ಹಿಕ್ಕೆ, ಪುಕ್ಕ ಎಲ್ಲ ಕಲಸಿ ಬಿದ್ದಿತ್ತು. ಚೆಲ್ಲಿದ್ದನ್ನು ಕಣ್ಣಂದಾಜಿನಲ್ಲಿ ‘ಸ್ವಲ್ಪ’ ಎಂದು ಬರೆಯುವುದು ಅಲ್ಲಿನ ರೂಢಿ. ತಟ್ಟೆಯಾಚೆ ಬಿದ್ದ ಅಗುಳನ್ನೂ ಹೆಕ್ಕಿಸುತ್ತಿದ್ದ ಅಮ್ಮನ ಕೈಯಲ್ಲಿ ಬೆಳೆದವಳು ನಾನು. ಈ ಅಂದಾಜು ನನಗೆ ಒಗ್ಗಲಿಲ್ಲ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಒಂದೊಂದೇ ತಟ್ಟೆಯದನ್ನು ಮೊರಕ್ಕೆ ಸುರಿದು ಕೇರಿದೆ, ಹಸನು ಮಾಡಿದೆ, ತೂಗಿದೆ. ಅಯ್ಯೋ ಶಿವನೇ, ಔಷಧಿ ಬೆರೆಸಿ ಕೊಟ್ಟ ಮೇವೆಲ್ಲ ಹೆಚ್ಚುಕಡಿಮೆ ಅಲ್ಲೇ ಇತ್ತು! ಹಕ್ಕಿಗಳು ಬಾಯಿಗಿಟ್ಟು ನೋಡಿ, ಕೊಕ್ಕಿನಿಂದ ಆಚೆಗೆಸೆದಿದ್ದವು.

ನಮ್ಮ ಮೇಲಧಿಕಾರಿ ಧಾರವಾಡದ ಕಡೆಯವರು. ಕೋಣೆಗೆ ಕರೆದು ಕನ್ನಡದಲ್ಲೇ ಹೇಳಿದರು.

“ಒಂದೂ ಸತ್ತಿಲ್ಲಲ್ರೀ. ಸೇಫ್ ಅಂತ ಬರದು ಸೈನ್ ಮಾಡ್ರಿ.”

“ತಿಂದ್ರೆ ತಾನೇ ಸರ್ ಸಾಯೋದು?”

“ಮೊರದಾಗ ಕೇರಿದ್ದನ್ನ ಯಾರ್ ಒಪ್ತಾರ್ರೀ? ನಿಮ್ಮ ವೀಸಾ ನಮ್ಮ ಕಡೆಯಿಂದನ ಆಗ್ಬೇಕು, ನೆನಪಿಟ್ಕೊಳ್ರಿ.”

ಮೈಯೆಲ್ಲ ಉರಿದುಹೋಯಿತು. ಹೆದರಿಕೆಯೂ ಆಯಿತು, ಸುಳ್ಳೇಕೆ. ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕು. ಆದರೂ ಹೋಗಿ, ಕೇರಿ ತೂಗಿದ ಮೇವನ್ನು ತುಂಬಿ ಬಾಯಿ ಕಟ್ಟಿಟ್ಟಿದ್ದ ಚೀಲಗಳನ್ನು ಹೊತ್ತು ತಂದು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟೆ.

“ಇದನ್ನೆಲ್ಲ ಹಕ್ಕಿ ತಿಂದಿದೆ ಅಂತ ನೀವೇ ಬರ್ದು ನೀವೇ ಸೈನ್ ಮಾಡಿ ಸರ್. ನನ್ನ ಕೈಲಿ ಆಗಲ್ಲ.”

ಅವರು ಪೆನ್ನು ಮುಟ್ಟಲಿಲ್ಲ. “ಹಂಗಾರ ಇನ್ನೊಮ್ಮೆ ಟೆಸ್ಟ್ ಮಾಡ್ರಿ” ಎಂದು ಚೀಲಗಳನ್ನು ಆಚೆ ತಳ್ಳಿದರು.

ಪರೀಕ್ಷೆ ಮತ್ತೆ ನಡೆಯಿತು, ಹೊಸ ಹಕ್ಕಿಗಳು, ಚೆಲ್ಲಲಾಗದ ಬಟ್ಟಲುಗಳು. ಎರಡು ದಿನ ಅವೂ ಮೂತಿ ತಿರುಗಿಸಿದವು. ಮೂರನೆಯ ದಿನ ಹಸಿವು ತಾಳದೆ ತಿಂದವು. ಆಮೇಲೆ ಒಂದೊಂದಾಗಿ ಸತ್ತವು. ಅವನ್ನು ಎತ್ತಿ ತೂಗಿ ಇಟ್ಟವಳೂ ನಾನೇ. ನಾನು ಸುಮ್ಮನಿದ್ದಿದ್ದರೆ ಈ ಹಕ್ಕಿಗಳು ಬದುಕುತ್ತಿದ್ದವು ಎಂದು ಬಾತ್‌ರೂಮಿನಲ್ಲಿ ನಿಂತು ಅತ್ತೆ. ಸುಮ್ಮನಿದ್ದಿದ್ದರೆ ಹೊಲದಲ್ಲಿ ಸಾಯುವ ಹಕ್ಕಿಗಳನ್ನು ಎಣಿಸುವವರು ಯಾರು?

ನನ್ನ ವೀಸಾವನ್ನು ಮೇಲಧಿಕಾರಿ ಮುಂದುವರಿಸಲಿಲ್ಲ. ಆಸ್ಟಿನ್‌ನಲ್ಲಿ ಬೇರೆ ಕೆಲಸ ಹುಡುಕಿಕೊಂಡು ಶಿಫ್ಟ್ ಆದೆ. ಆದರೆ ಹೊರಡುವ ಮೊದಲು ಆ ಎರಡನೆಯ ಪರೀಕ್ಷೆಯ ವರದಿ ನನ್ನ ಮುಂದೆ ಬಂತು. ಸತ್ತವುಗಳ ಲೆಕ್ಕದ ಕೆಳಗೆ, ಅಪ್ಪನ ಹೆಸರನ್ನೂ ಸೇರಿಸಿ, ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.