ಒಂದೇ ಸೂಜಿಗೆ ಎರಡು ಚೀಟಿ

ಗಂಡನ ಕೆಲಸ ಏನೆಂದು ಯಾರಾದರೂ ಕೇಳಿದರೆ ಗೋಂದಣ್ಣನ ಹೆಂಡತಿಗೆ ತಲೆನೋವು. "ಇರುವೆ ಅಂಟಿಸ್ತಾರೆ" ಎಂದರೆ ಜನ ನಗುತ್ತಿದ್ದರು. ಆದರೆ ಕೆಲಸ ಅದೇ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು, ತ್ರಿಕೋನ ಕಾಗದದ ಚೂಪು ತುದಿಗೆ ಚೂರೇ ಚೂರು ಗೋಂದು ಮುಟ್ಟಿಸಿ, ಅದರ ಮೇಲೆ ಸತ್ತ ಇರುವೆಯೊಂದನ್ನು ಕೂರಿಸುವುದು. ಕಾಗದದ ಅಗಲವಾದ ಕಡೆಗೆ ಸೂಜಿ. ಸೂಜಿಯ ಕೆಳಗೆ ಉಗುರಿನಷ್ಟು ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು, ಯಾರು ಹಿಡಿದರು. ಮೂವತ್ತಾರು ವರ್ಷ ಅವನು ಮಾಡಿದ್ದು ಇಷ್ಟೇ; ಗೋಂದಣ್ಣ ಎಂಬ ಅಡ್ಡಹೆಸರು ಬಂದದ್ದೂ ಇದರಿಂದಲೇ. ಅಕ್ಷರ ಮಾತ್ರ ಅಚ್ಚು ಹಾಕಿದಷ್ಟು ದುಂಡಗೆ.

ಆ ಕೋಣೆಯಲ್ಲಿ ಒಂದು ನಿಯಮವಿತ್ತು. ಒಮ್ಮೆ ಸೂಜಿಗೆ ಚುಚ್ಚಿದ ಚೀಟಿಯನ್ನು ಯಾರೂ ತೆಗೆಯುವಂತಿಲ್ಲ. ಬರೆದದ್ದು ತಪ್ಪೆಂದು ಗೊತ್ತಾದರೆ ಸರಿಯಾದದ್ದನ್ನು ಬರೆದು ಅದರ ಕೆಳಗೆ ಚುಚ್ಚಬೇಕು. ತಪ್ಪು ಮಾಡಿದವನು ತಪ್ಪಿಸಿಕೊಳ್ಳಬಾರದು ಎಂದೇ ಯಾರೋ ಮಾಡಿದ ನಿಯಮವಿರಬೇಕು.

ಗೋಂದಣ್ಣ ತಪ್ಪು ಮಾಡಿದ್ದು ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಆಗಿನ ಹಿರಿಯ ಸಾಹೇಬರು ಬೆಟ್ಟದ ಕಾಡಿನಿಂದ ನಲವತ್ತು ಸೀಸೆ ಇರುವೆ ತಂದಿದ್ದರು. ಹದಿನೇಳನೆಯ ಸೀಸೆಯಲ್ಲಿದ್ದದ್ದು ಒಂದೇ ಒಂದು. ಅದನ್ನು ಕಾಗದದ ತುದಿಗೆ ತರುವಷ್ಟರಲ್ಲಿ ಗೋಂದಣ್ಣನಿಗೆ ಸೀನು ಬಂತು. ಇರುವೆ ಮಂಗಮಾಯ. ಮೇಜಿನ ಕೆಳಗೆ, ಅಂಗಿಯ ಮಡಿಕೆಯಲ್ಲಿ, ಕೊನೆಗೆ ಮೀಸೆಯಲ್ಲೂ ಹುಡುಕಿದ. ಸಿಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಅವನದೇ ಊಟದ ಡಬ್ಬಿಯ ಅಂಚಿನಲ್ಲಿ ಓಡಾಡುತ್ತಿದ್ದ ಒಂದು ಇರುವೆ. ಅದೇ ಗಾತ್ರ, ಅದೇ ಕಂದು ಬಣ್ಣ. ಡಬ್ಬಿ ತೊಳೆದು ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕುವುದು ಹೆಂಡತಿಯ ಅಭ್ಯಾಸ. ಅಲ್ಲಿಂದ ಹತ್ತಿಕೊಂಡು ಬಂದಿತ್ತು. ಇರುವೆ ಅಂದರೆ ಇರುವೆ ತಾನೇ ಎಂದುಕೊಂಡು ಗೋಂದಣ್ಣ ಅದನ್ನೇ ಸಾಯಿಸಿ ಅಂಟಿಸಿದ. ಚೀಟಿಯಲ್ಲಿ ಬೆಟ್ಟದ ಹೆಸರು ಬರೆದ, ಹಿಡಿದವರ ಜಾಗದಲ್ಲಿ ಸಾಹೇಬರ ಹೆಸರು ಬರೆದ.

ಇರುವೆ ಅಂದರೆ ಇರುವೆ ಅಲ್ಲ. ಮೂರು ತಿಂಗಳ ನಂತರ ಸಾಹೇಬರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕೂಗಿಕೊಂಡರು. ಈ ಬಳಗದ ಇರುವೆಗಳಿಗೆಲ್ಲ ತಲೆಯ ಮೇಲಿನ ಕುಡಿಮೀಸೆಯಲ್ಲಿ ಹನ್ನೆರಡು ಗಂಟು. ಇದಕ್ಕೆ ಹನ್ನೊಂದು. ಸೊಂಟದ ಎರಡನೇ ಉಬ್ಬು ಮೊದಲನೆಯದಕ್ಕಿಂತ ಎರಡು ಪಟ್ಟು ಅಗಲ. ಜಗತ್ತಿನಲ್ಲಿ ಯಾರೂ ನೋಡಿರದ ಜಾತಿ! ಆ ಸಂಜೆ ಗೋಂದಣ್ಣ ಬಚ್ಚಲ ಗೋಡೆಯ ಬಿರುಕಿನಿಂದ ನಾಲ್ಕು ಇರುವೆ ಹಿಡಿದಿಟ್ಟುಕೊಂಡ. ಮರುದಿನ ಯಾರೂ ಇಲ್ಲದಾಗ ಮಸೂರದಡಿ ಇಟ್ಟು ಎಣಿಸಿದ. ಹನ್ನೊಂದು, ಹನ್ನೊಂದು, ಹನ್ನೊಂದು, ಹನ್ನೊಂದು.

ಹೇಳಬೇಕು ಅಂದುಕೊಂಡ. ಸಾಹೇಬರ ಲೇಖನ ಆಗಲೇ ಅಚ್ಚಿಗೆ ಹೋಗಿತ್ತು. ಮುಂದಿನ ವರ್ಷ ಹೇಳೋಣ ಅಂದುಕೊಂಡ. ಅಷ್ಟರಲ್ಲಿ ಸಾಹೇಬರಿಗೆ ಸನ್ಮಾನವಾಯಿತು. ಹೀಗೆ ವರ್ಷ ಮುಂದೂಡುತ್ತಲೇ ಹೋದ, ಸಾಹೇಬರು ತೀರಿಕೊಂಡರು. ನನ್ನನ್ನು ಕೇಳಿದರೆ, ಇದನ್ನು ಹೆದರಿಕೆ ಎನ್ನಬಹುದಾದದ್ದು ಮೊದಲ ಎರಡು ವರ್ಷ ಮಾತ್ರ. ಆಮೇಲಿನದು ಬರೀ ಸೋಮಾರಿತನ.

ಅವನ ನಿವೃತ್ತಿಗೆ ಒಂಬತ್ತು ವರ್ಷವಿದ್ದಾಗ ಸಂಶೋಧಕಿಯೊಬ್ಬರು ಬಂದರು, ಎಲ್ಲರ ಬಾಯಲ್ಲಿ ಇರುವೆ ಮೇಡಂ. ಆ ಜಾತಿಯ ಎರಡನೇ ಇರುವೆಯನ್ನು ಹುಡುಕಿಯೇ ಸಿದ್ಧ ಎಂದು ಪಟ್ಟು ಹಿಡಿದವರು. ಪ್ರತಿ ವರ್ಷ ಬೆಟ್ಟ ಹತ್ತಿ, ಕೊಳೆತ ಮರ ಸೀಳಿ, ಎಲೆಗಸ ಜರಡಿ ಹಿಡಿದು ಬರಿಗೈಲಿ ಬರುತ್ತಿದ್ದರು. ಬಂದವರಿಗೆ ಗೋಂದಣ್ಣ ಚಹಾ ಕೊಡುತ್ತಿದ್ದ. "ಮುಂದಿನ ಸಲ ಸಿಗುತ್ತೆ ಬಿಡಿ ಮೇಡಂ" ಅಂತಲೂ ಹೇಳುತ್ತಿದ್ದ. ನಾಚಿಕೆಯಿಲ್ಲದ ಮಾತು.

ಒಂದು ಕೆಲಸ ಮಾತ್ರ ಅವನು ತಪ್ಪದೆ ಮಾಡಿದ. ಬಚ್ಚಲಿಗೆ ಟೈಲ್ಸ್ ಹಾಕಿಸಿ ಎಂದು ಹೆಂಡತಿ ಹದಿನೈದು ವರ್ಷದಿಂದ ಗೋಗರೆಯುತ್ತಿದ್ದಳು. ಕಾಲು ಜಾರುತ್ತೆ, ಸೀಳು ಬಿಡುತ್ತೆ ಎಂದು ವರ್ಷಕ್ಕೊಂದು ನೆಪ ಹೇಳಿ ತಳ್ಳುತ್ತಾ ಬಂದ. ಜುಗ್ಗ ಎಂಬ ಹೆಸರು ಬಂತು. ಹೊಟ್ಟೆಗೆ ಹಾಕಿಕೊಂಡ.

ಅವನು ನಿವೃತ್ತನಾಗಲು ನಾಲ್ಕು ತಿಂಗಳಿದ್ದಾಗ ಮೇಡಂ ಕೋಲೂರಿಕೊಂಡು ಬಂದರು. ಬೆಟ್ಟದಲ್ಲಿ ಬಿದ್ದು ಮೊಣಕಾಲು ಮುರಿದಿತ್ತು.

"ಸಾಕಾಯ್ತು ಗೋಂದಣ್ಣ," ಎಂದು ಕುರ್ಚಿಯಲ್ಲಿ ಕುಸಿದರು. "ಇನ್ನು ಹತ್ತೋಕಾಗಲ್ಲ. ಈ ಜಾತಿ ಅಳಿದುಹೋಗಿದೆ ಅಂತ ಬರೆದುಬಿಡ್ತೀನಿ. ಪೆಟ್ಟಿಗೆಗೆ ಹಾಕೋ ಚೀಟಿ ನೀವೇ ಬರೀರಿ, ನಿಮ್ಮ ಅಕ್ಷರ ಚೆಂದ."

ಗೋಂದಣ್ಣ ಪೆನ್ನು ಎತ್ತಿದ. 'ಅ' ಬರೆದ. ಪೆನ್ನು ಕೆಳಗಿಟ್ಟ.

"ಮೇಡಂ, ಅದು ಅಳಿದಿಲ್ಲ. ಇವತ್ತು ಬೆಳಗ್ಗೆ ನನ್ನ ಸೋಪಿನ ಮೇಲಿತ್ತು."

ಮೇಡಂ ನಕ್ಕರು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದರು. ಅವನು ಸೀನಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ.

ಅರ್ಧ ಗಂಟೆಯಲ್ಲಿ ಮೇಡಂ ಅವನ ಬಚ್ಚಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು. ಕೈಯಲ್ಲಿ ಮಸೂರ, ಮುರಿದ ಕಾಲು ಮುಂದಕ್ಕೆ ಚಾಚಿ. ಬಿರುಕಿನಿಂದ ಸಾಲಾಗಿ ಬರುತ್ತಿದ್ದವು.

"ಹನ್ನೊಂದು," ಅಂದರು. ಇನ್ನೊಂದನ್ನು ಹಿಡಿದು ಎಣಿಸಿದರು. "ಹನ್ನೊಂದು." ಕಣ್ಣೊರೆಸಿಕೊಂಡರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಏನೂ ಅರ್ಥವಾಗಿರಲಿಲ್ಲ. "ಇದಾ? ಇದನ್ನ ನಾನು ದಿನಾ ನೀರು ಹಾಕಿ ತಳ್ತೀನಲ್ಲ!" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಅದಕ್ಕಾ ಟೈಲ್ಸ್ ಬೇಡ ಅಂದಿದ್ದು? ನೆಂಟರ ಮುಂದೆಲ್ಲ ನಿಮ್ಮನ್ನ ಜುಗ್ಗ ಅಂದ್ನಲ್ರೀ. ನನಗಾದ್ರೂ ಹೇಳಬಾರದಿತ್ತಾ?"

"ನನಗೂ ಹೇಳಬಾರದಿತ್ತಾ?" ಮೇಡಂ ದನಿ ಒಡೆದಿತ್ತು. "ಒಂಬತ್ತು ವರ್ಷ. ನನ್ನ ಕಾಲು ನೋಡಿ."

"ಹೇಳಬೇಕಿತ್ತು," ಎಂದ ಗೋಂದಣ್ಣ.

ಮರುದಿನ ಮೇಡಂ ಪೆಟ್ಟಿಗೆ ತೆಗೆದು ಹಳೇ ಸೂಜಿಯನ್ನು ಅವನ ಮುಂದಿಟ್ಟರು. ಎಂದಿನಂತೆ ಗೋಂದಣ್ಣ ಎಂದು ಕರೆಯಲಿಲ್ಲ. ಆಮೇಲೂ ಎಂದೂ ಕರೆಯಲಿಲ್ಲ. "ಸರಿಯಾದ ಚೀಟಿ ಬರೀರಿ," ಎಂದಷ್ಟೇ ಹೇಳಿದರು.

ಅವನು ಬರೆದ. ಸ್ಥಳ: ಮನೆಯ ಬಚ್ಚಲ ಗೋಡೆ. ಮೂವತ್ತಾರು ವರ್ಷದ ಹಿಂದಿನ ದಿನಾಂಕ. ಹಿಡಿದವರು ಎಂಬಲ್ಲಿ ಒಂದು ಹೆಸರು ಬರೆದ.

ಮೇಡಂ ಓದಿದರು. "ಇದ್ಯಾರು?"

"ನನ್ನ ಹೆಂಡತಿ. ಡಬ್ಬಿ ತೊಳೆದು ಅಲ್ಲಿಟ್ಟವಳು ಅವಳೇ. ನಾನು ಹಿಡೀಲಿಲ್ಲ ಮೇಡಂ, ಬಚ್ಚಿಟ್ಟೆ ಅಷ್ಟೇ."

ಮೇಡಂ ಚೀಟಿಯನ್ನು ತಿದ್ದಲಿಲ್ಲ. ಗೋಂದಣ್ಣನೇ ಅದನ್ನು ಸೂಜಿಗೆ ಚುಚ್ಚಿದ. ನಿಯಮದಂತೆ ಹಳೆಯದು ಮೇಲೆಯೇ ಉಳಿಯಿತು. ಈಗ ಹೋದರೂ ಕಾಣಬಹುದು, ಒಂದೇ ಕೈಬರಹದ ಎರಡು ಚೀಟಿ. ಮೇಲಿನದರಲ್ಲಿ ಸಾಹೇಬರ ಹೆಸರಿದೆ. ಕೆಳಗಿನದರಲ್ಲಿ ಗೋಂದಣ್ಣನ ಹೆಂಡತಿಯದು.