ಕೌದಿಗೆ ಕತ್ತರಿ ಬಿದ್ದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆ ದಂಡೆಯಲ್ಲಿ ಸಾಲಾಗಿ ನಿಂತ ಡೇರೆಗಳ ಪೈಕಿ ಒಂದರೊಳಗಿಂದ ಬೈಗುಳ ಕೇಳಿಸುತ್ತಿದೆ. ಒಳಗಿರುವುದು ಒಬ್ಬರೇ ಹೆಂಗಸು. ಜಿಪ್ಪನ್ನು ತುದಿಯವರೆಗೆ ಎಳೆದುಕೊಂಡು, ಮಂಡಿಯೂರಿ, ಕತ್ತೆತ್ತಿ ಬಟ್ಟೆಯ ಸೂರನ್ನೇ ದಿಟ್ಟಿಸುತ್ತಿದ್ದಾರೆ. ಹೊರಗೆ ಬೆಳಕೇರಿದಂತೆ ಬಟ್ಟೆಯ ತೂತುಗಳು ಒಂದೊಂದಾಗಿ ಹೊಳೆಯತೊಡಗುತ್ತವೆ. ಹೊಳೆದಲ್ಲೆಲ್ಲ ಸೀಮೆಸುಣ್ಣದಿಂದ ಒಂದು ಸುತ್ತು ಹಾಕುತ್ತಾರೆ, ಸುತ್ತಿಗೊಂದು ಬೈಗುಳ ಹಾಕುತ್ತಾರೆ.

"ಸಿಗರೇಟು! ಡೇರೆ ಒಳಗೆ ಸಿಗರೇಟು! ಇವರ ಮನೇಲಿ ದಿಂಬಿನ ಮೇಲೂ ಹೀಗೇ ಒತ್ತಿ ಆರಿಸ್ತಾರೇನು?"

ಕ್ಯಾಂಪಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಸಿಡಿಮಿಡಿಯಕ್ಕ ಎಂದು. ಎದುರಿಗೇ ಕರೆಯುತ್ತಾರೆ, ಬೆನ್ನ ಹಿಂದೆ ಕರೆದು ಸಿಕ್ಕಿಬೀಳುವ ಧೈರ್ಯ ಯಾರಿಗೂ ಇಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜೊತೆಯವರು ನಗುತ್ತಾರೆ. "ಇನ್ನೆಲ್ಲಿ ಇಟ್ಕೊಳ್ಳಲಿ? ಕೈಯಲ್ಲಿ ಸೂಜಿ ಇರುತ್ತಲ್ಲ" ಎನ್ನುವುದು ಅಕ್ಕನ ಉತ್ತರ.

ವಾರದ ಕೊನೆ ಬಂದರೆ ಪೇಟೆಯ ಜನ ಇಲ್ಲಿಗೆ ಸರಳ ಬದುಕನ್ನು ಹುಡುಕಿಕೊಂಡು ಬರುತ್ತಾರೆ. ಬಾಗಿಲಲ್ಲಿರುವ ಫಲಕದಲ್ಲಿ ಹಾಗೆಂದೇ ಬರೆದಿದೆ. ಮಡಚುವ ಕುರ್ಚಿ, ಮಡಚುವ ಒಲೆ, ಮಡಚಲಾಗದ ನಾಯಿ, ಎಲ್ಲವೂ ಕಾರಿನಿಂದಿಳಿಯುತ್ತವೆ. ನಕ್ಷತ್ರ ನೋಡುತ್ತಾರೆ, ಬೆಂಕಿ ಕಾಯಿಸುತ್ತಾರೆ, ಮನಸ್ಸು ಹಗುರ ಮಾಡಿಕೊಂಡು ಹೊರಟುಹೋಗುತ್ತಾರೆ. ಹಗುರ ಮಾಡಿಕೊಂಡದ್ದೆಲ್ಲ ಡೇರೆಯಲ್ಲೇ ಉಳಿದಿರುತ್ತದೆ. ಎಣ್ಣೆಕಲೆ, ಕೆಸರುಹೆಜ್ಜೆ, ಜಿಪ್ಪಿನ ಹಲ್ಲಿಗೆ ಅಂಟಿದ ಚೂಯಿಂಗ್ ಗಮ್. ಸಿಡಿಮಿಡಿಯಕ್ಕ ಮತ್ತು ಇನ್ನಿಬ್ಬರು ಹೆಂಗಸರು ಅದನ್ನೆಲ್ಲ ಕೆರೆದು, ತೊಳೆದು, ನೆರಳಲ್ಲಿ ಒಣಹಾಕುತ್ತಾರೆ. ಬಿಸಿಲಿಗೆ ಹಾಕಿದರೆ ಬಟ್ಟೆಯ ಮೇಲಿನ ಲೇಪ ಸುಲಿದುಹೋಗುತ್ತದೆ. ಆಮೇಲೆ ತೇಪೆ. ಒಳಗೊಂದು, ಹೊರಗೊಂದು, ಹೊಲಿಗೆಯ ಮೇಲೆ ಅಂಟಿನ ಲೇಪ. ಬಿಗಿಯಾದ ಜಿಪ್ಪಿಗೆ ಮೋಂಬತ್ತಿಯ ತುಂಡು ತಿಕ್ಕುತ್ತಾರೆ. ಅಂಟಿನ ವಾಸನೆ ನೆತ್ತಿಗೇರಿ, ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿರುತ್ತದೆ.

"ಮಳೇಲಿ ಒಂದು ಹನಿ ಒಳಗೆ ಬಿದ್ರೆ ಬೈಗುಳ ನನಗೆ. ಬೀಳದೆ ಇದ್ರೆ ಹೊಗಳಿಕೆ ಡೇರೆ ಕಂಪನಿಗೆ" ಎನ್ನುತ್ತಾ ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾರೆ.

ಇದಕ್ಕೂ ಮುಂಚೆ ಅವರು ಚೀಲ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಒಂದು ದಿನ ಬೆಳಿಗ್ಗೆ ಹೋದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಯಾಕೆಂದು ಹೇಳುವವರೂ ಇರಲಿಲ್ಲ. ಅಲ್ಲಿಂದ ತಂದದ್ದು ಎರಡೇ: ದಪ್ಪ ಬಟ್ಟೆ ಹೊಲಿಯುವ ಕಲೆ, ಮತ್ತು ಹೆಬ್ಬೆರಳಲ್ಲಿ ಸೂಜಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬಂದ ಗುರುತು.

ಬಸ್ ನಿಲ್ದಾಣದ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಅವರ ಮನೆ. ಇರುವುದು ಎರಡು ಕೋಣೆ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತು ಸುತ್ತ ಕಣ್ಣಾಡಿಸುತ್ತಾರೆ. ಕ್ಯಾಂಪಿನವರು ಎಸೆದ ಕಿತ್ತಳೆ ಬಣ್ಣದ ಡೇರೆ ಇಲ್ಲಿ ಕಿಟಕಿಯ ಪರದೆಯಾಗಿದೆ. ಸಂಜೆ ಅದನ್ನು ಎಳೆದರೆ ಇಡೀ ಮನೆ ಹಣ್ಣಾದಂತೆ ಕಾಣುತ್ತದೆ. ಡೇರೆಯ ಬಲೆಬಾಗಿಲು ಸೊಳ್ಳೆಪರದೆಯಾಗಿದೆ. ಸವೆದ ಹಗ್ಗ ಸುರುಳಿ ಸುತ್ತಿಕೊಂಡು ಕಾಲೊರಸಾಗಿದೆ. ಹಾಲಿನ ಪುಡಿಯ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಮಾಡಿದ ದೀಪದ ಗೂಡು ಗೋಡೆಯ ಮೇಲೆ ಚುಕ್ಕಿ ಚೆಲ್ಲುತ್ತದೆ.

ಗೋಡೆಗಳು ಗಂಡನ ಪಾಲು. ಅವರು ಮನೆಗಳಿಗೆ ಬಣ್ಣ ಬಳಿಯುವವರು. ಡಬ್ಬದ ತಳದಲ್ಲಿ ಉಳಿದದ್ದನ್ನು, ಕೇಳಿಯೇ, ಮನೆಗೆ ತರುತ್ತಾರೆ. "ಅಡುಗೆಮನೆ ಹಸಿರು ಬ್ಯಾಂಕಿನದು" ಎಂದು ಅಕ್ಕ ತೋರಿಸುತ್ತಾರೆ. "ಮಲಗೋ ಕೋಣೆ ನೀಲಿ ಹಲ್ಲಿನ ಡಾಕ್ಟ್ರದು. ಒಂದು ಗೋಡೆಗೆ ಸಾಲ್ಲಿಲ್ಲ. ಅವರು ಇನ್ನೊಂದು ಸಲ ಬಣ್ಣ ಹೊಡೆಸಲಿ ಅಂತ ಕಾಯ್ತಾ ಇದೀವಿ."

ಇದನ್ನೆಲ್ಲ ಯಾಕೆ ಮಾಡುತ್ತೀರಿ, ದಣಿವಾಗುವುದಿಲ್ಲವೇ ಎಂದು ಕೇಳಿದರೆ ಅಕ್ಕನ ಹುಬ್ಬು ಗಂಟಿಕ್ಕುತ್ತದೆ. "ಮನೆ ಅಂದ್ಮೇಲೆ ಕಣ್ಣಿಗೆ ಹಿತವಾಗಿರ್ಬೇಕು. ನಮ್ಮ ಕಣ್ಣೇನು ಬೇರೆ ಥರದ್ದಾ?"

ಈ ಮನೆಯ ಮೇಲೆ ಒಬ್ಬರ ಕಣ್ಣು ಬಿತ್ತು. ಕ್ಯಾಂಪಿನಲ್ಲಿ ವಾರದ ಕೊನೆಗೆ ಮನೆ ಅಲಂಕಾರದ ತರಗತಿ ನಡೆಸುತ್ತಿದ್ದ ಮೇಡಂ ಅವರು. ಹಳೆಯ ವಸ್ತುಗಳಿಂದ ಮನೆ ಸಿಂಗರಿಸುವುದು ಹೇಗೆಂದು ಅವರು ಅತಿಥಿಗಳಿಗೆ ಕಲಿಸುತ್ತಿದ್ದರು. ಡೇರೆಯ ಚೂರುಗಳಿಂದ ಹೊಲಿದ ಅಕ್ಕನ ಊಟದ ಚೀಲ ನೋಡಿ, "ಇದನ್ನ ಎಲ್ಲಿ ತಗೊಂಡೆ?" ಎಂದರು. ನಾನೇ ಹೊಲಿದೆ ಎಂದಾಗ ನಂಬಲಿಲ್ಲ. ಮನೆಗೇ ಬಂದರು. ಪರದೆ, ಕಾಲೊರಸು, ದೀಪ, ಯಾವುದನ್ನೂ ಬಿಡದೆ ಫೋನಿನಲ್ಲಿ ಫೋಟೊ ತೆಗೆದರು. ಕೊನೆಗೆ ಒಳಕೋಣೆಯ ಮಂಚದ ಮೇಲಿದ್ದ ಕೌದಿಯ ಮುಂದೆ ನಿಂತುಬಿಟ್ಟರು.

ಆ ಕೌದಿ ಅತ್ತೆಯದು. ಅತ್ತೆಗೆ ಒಬ್ಬಳು ಮಗಳಿದ್ದಳು, ಅಕ್ಕನ ನಾದಿನಿ. ಚಿಕ್ಕ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಳು. ಅವಳ ಫ್ರಾಕುಗಳು, ಶಾಲೆಯ ಅಂಗಿ, ಕೊನೆಯ ಸಲ ಆಸ್ಪತ್ರೆಗೆ ಹಾಕಿಕೊಂಡು ಹೋದ ನೀಲಿ ಚುಕ್ಕಿಯ ಬಟ್ಟೆ, ಎಲ್ಲವನ್ನೂ ಚೌಕ ಚೌಕವಾಗಿ ಕೂಡಿಸಿ ಅತ್ತೆ ಹೊಲಿದಿದ್ದರು. ಅವರ ಕೈ ನಡುಗಲು ಶುರುವಾದ ಮೇಲೆ ಉಳಿದದ್ದನ್ನು ಸೊಸೆ ಮುಗಿಸಿದ್ದರು. ಅತ್ತೆ ಅದನ್ನು ಹೊದೆಯದೆ ಮಲಗುತ್ತಿರಲಿಲ್ಲ; ಬೇಸಿಗೆಯಲ್ಲಿ ಕಾಲಿನ ಮೇಲಾದರೂ ಹಾಕಿಕೊಳ್ಳುತ್ತಿದ್ದರು.

"ನೋಡಮ್ಮಾ, ಎರಡೇ ದಿನ. ತರಗತೀಲಿ ತೋರಿಸಿ ವಾಪಸ್ ಕೊಡ್ತೀನಿ" ಎಂದರು ಮೇಡಂ. ಅತ್ತೆ ಆಗ ಮಗನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಅಕ್ಕ ಕೌದಿ ಮಡಚಿ ಕೊಟ್ಟರು, ಎರಡು ದಿನ ತಡೆಯಿರಿ ಎಂದು ಸಂಜೆ ಅತ್ತೆಗೆ ಹೇಳಿದರು.

ಯಾಕೆ ಕೊಟ್ಟಿರಿ? ಈ ಪ್ರಶ್ನೆಗೆ ಮಾತ್ರ ಸಿಡಿಮಿಡಿಯಕ್ಕ ಸಿಡಿಯುವುದಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೈ ಒರೆಸಿಕೊಳ್ಳುತ್ತಾರೆ. "ಹೊಗಳಿದ್ರಲ್ಲ, ಉಬ್ಬಿಹೋದೆ. ಅಷ್ಟು ವರ್ಷದಲ್ಲಿ ಹೊರಗಿನೋರು ಯಾರೂ ನಮ್ಮ ಮನೆ ನೋಡಿ ಚೆನ್ನಾಗಿದೆ ಅಂದಿರ್ಲಿಲ್ಲ."

ತರಗತಿಯ ದಿನ ಅಕ್ಕನಿಗೆ ಹೇಳಿದ್ದ ಕೆಲಸ ಮೇಜು ಜೋಡಿಸುವುದು, ಕತ್ತರಿ ಮಸೆಯುವುದು, ಚಹಾ ಕೊಡುವುದು. ಚಹಾದ ತಟ್ಟೆ ಹಿಡಿದು ಒಳಗೆ ಹೋದಾಗ ಮೇಡಂ ಮಾತಾಡುತ್ತಿದ್ದರು: "ಇಂಥದ್ದು ಈಗ ಸಿಗೋದೇ ಇಲ್ಲ. ಒಂದು ಮನೇಲಿ ಮೂಲೆಗೆ ಬಿದ್ದಿತ್ತು, ಉಳಿಸ್ಕೊಂಡು ಬಂದೆ. ಇವತ್ತು ನೀವೆಲ್ಲ ಇದರಿಂದ ಒಂದೊಂದು ದಿಂಬಿನ ಚೀಲ ಮಾಡ್ತಾ ಇದೀರಿ." ಮೇಜಿನ ಮೇಲೆ ಕೌದಿ ಹರಡಿತ್ತು. ಅದರ ಒಂದು ಮಗ್ಗುಲು ಆಗಲೇ ಇರಲಿಲ್ಲ. ಅಕ್ಕ ಬೆಳಿಗ್ಗೆ ತಾನೇ ಮಸೆದುಕೊಟ್ಟಿದ್ದ ಕತ್ತರಿ ಶಾಲೆಯ ಅಂಗಿಯ ಮೇಲೆ ಓಡುತ್ತಿತ್ತು.

ತಟ್ಟೆ ಕೆಳಗೆ ಬಿತ್ತೋ, ತಾವೇ ಇಟ್ಟರೋ, ಅಕ್ಕನಿಗೆ ನೆನಪಿಲ್ಲ. ಕತ್ತರಿ ಹಿಡಿದಿದ್ದ ಕೈಯನ್ನು ಗಪ್ಪನೆ ಹಿಡಿದುಕೊಂಡದ್ದು ಮಾತ್ರ ನೆನಪಿದೆ.

"ನಿಲ್ಸಿ! ಎಲ್ರೂ ಕತ್ತರಿ ಕೆಳಗಿಡಿ!"

ಮೇಡಂ ನಕ್ಕರು. "ಅಯ್ಯೋ, ಹಳೇ ಬಟ್ಟೆ ಅಲ್ವೇನಮ್ಮಾ? ಹೊಸ ರಗ್ಗೇ ಕೊಡಿಸ್ತೀನಿ ಬಿಡು."

"ನಮ್ಮ ಹುಡುಗಿ ಹಾಕ್ಕೊಂಡಿದ್ದ ಬಟ್ಟೆ ಅದು. ಸತ್ತುಹೋದ ಹುಡುಗಿ. ಯಾವ ಅಂಗಡೀಲಿ ಕೊಡಿಸ್ತೀರಿ, ಹೇಳಿ, ಬರ್ತೀನಿ."

ಅಕ್ಕ ಮೇಜಿನಿಂದ ಮೇಜಿಗೆ ಹೋಗಿ ತುಂಡುಗಳನ್ನು ವಾಪಸು ಪಡೆಯತೊಡಗಿದರು. ಕೆಲವರು ತಲೆ ತಗ್ಗಿಸಿ ಕೊಟ್ಟರು. ಒಬ್ಬಾಕೆ ಆಗಲೇ ಹತ್ತಿ ತುಂಬಿ ದಿಂಬು ಹೊಲಿದು ಮುಗಿಸಿದ್ದರು. "ಇದು ನಾನು ಮಾಡಿದ್ದು" ಎಂದು ಎದೆಗವಚಿಕೊಂಡರು. ಅಕ್ಕ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು, ಕೈ ಚಾಚಿದರು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ದಿಂಬು ಕೊನೆಗೂ ಕೈಗೆ ಬಂತು. ಎಲ್ಲರೂ ನೋಡುತ್ತಿರುವಾಗಲೇ ಅಕ್ಕ ಹೊಲಿಗೆ ಬಿಚ್ಚಿದರು. ಹರಿಯಲಿಲ್ಲ, ಎಳೆಯಲಿಲ್ಲ. ಒಂದೊಂದೇ ಹೊಲಿಗೆ ಬಿಚ್ಚಿ, ಹತ್ತಿಯನ್ನು ಗುಡ್ಡೆ ಮಾಡಿ ಮೇಜಿನ ಮೇಲಿಟ್ಟು, "ಇದು ನಿಮ್ಮದು, ತಗೊಳ್ಳಿ" ಎಂದರು.

ನೀಲಿ ಚುಕ್ಕಿಯ ತುಂಡು ಸಿಗಲಿಲ್ಲ. ಅದನ್ನು ಕತ್ತರಿಸಿಕೊಂಡಿದ್ದವರು ಅರ್ಧಕ್ಕೇ ಎದ್ದು ಕಾರು ಹತ್ತಿ ಹೋಗಿಬಿಟ್ಟಿದ್ದರು. ಅವರು ಯಾರೆಂದು ಮೇಡಂಗೂ ಗೊತ್ತಿರಲಿಲ್ಲ.

ಅಕ್ಕ ಮನೆಗೆ ಬಂದಾಗ ಅತ್ತೆ ತುಂಡುಗಳನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದನ್ನೇ ಸವರಿದರು. ಅಳಲಿಲ್ಲ. ಮೇಡಂಗೆ ಶಾಪವನ್ನೂ ಹಾಕಲಿಲ್ಲ. ಸೊಸೆಯ ಮುಖ ನೋಡಿ ಹೇಳಿದ್ದು ಒಂದೇ ಮಾತು: "ಕೊಟ್ಟೋಳು ನೀನು ಕಣೇ." ಆಮೇಲೆ ಎಷ್ಟೋ ದಿನ ಅತ್ತೆ ಸೊಸೆಯ ನಡುವೆ ಮಾತಿರಲಿಲ್ಲ. ಗಂಡ ಇಬ್ಬರ ನಡುವೆ ಅಂಚೆಯವನಂತೆ ಓಡಾಡಿದರು. "ಅಮ್ಮ ನೀರು ಕೇಳ್ತಿದಾರೆ." "ನೀರು ಅಲ್ಲೇ ಇದೆ ಅಂತ ಹೇಳಿ ನಿಮ್ಮಮ್ಮಂಗೆ." ಮನೆ ಎಂದರೆ ಅಂಗೈಯಗಲ, ಹೇಳಿದ್ದು ಎಲ್ಲರಿಗೂ ಕೇಳಿಸುತ್ತಿತ್ತು.

ಅತ್ತ ಕ್ಯಾಂಪಿನ ಮ್ಯಾನೇಜರ್, ಅತಿಥಿಗಳ ಕ್ಷಮೆ ಕೇಳು, ಇಲ್ಲ ಬರಬೇಡ ಎಂದು ಹೇಳಿಕಳಿಸಿದ್ದರು. ಅಕ್ಕ ಹೋಗಲಿಲ್ಲ. ಜೊತೆಯ ಇಬ್ಬರು ಹೆಂಗಸರೂ ಹೋಗಲಿಲ್ಲ. ಮ್ಯಾನೇಜರ್ ಹೊಸಬರನ್ನು ಕರೆತಂದು ತೇಪೆ ಹಾಕಿಸಿದರು. ಮೊದಲ ಮಳೆಗೇ ಡೇರೆಗಳು ಸೋರಿದವು. ಸರಳ ಬದುಕು ಹುಡುಕಿ ಬಂದವರು ಹಾಸಿಗೆ ಸುತ್ತಿಕೊಂಡು ಕಾರಿನಲ್ಲಿ ಮಲಗಿದರು. ಮರುದಿನ ಮ್ಯಾನೇಜರ್ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಬಂದರು.

"ಅಕ್ಕಾ, ಆದದ್ದು ಆಯ್ತು. ಮನಸ್ಸಲ್ಲಿ ಇಟ್ಕೋಬೇಡಿ."

"ಇಟ್ಕೊಳ್ತೀನಿ ಸರ್. ಇಟ್ಕೊಂಡೇ ಬರ್ತೀನಿ" ಎಂದರು ಅಕ್ಕ. "ಆ ಮೇಡಂ ಬಂದು ನಮ್ಮತ್ತೆ ಮುಂದೆ ನಿಂತು ತಪ್ಪಾಯ್ತು ಅನ್ನಲಿ. ಮತ್ತೆ, ನಾವು ಇನ್ಮೇಲೆ ಜನರೇಟರ್ ಹಿಂದೆ ನಿಂತ್ಕೊಂಡು ಉಣ್ಣಲ್ಲ. ಕೂರೋಕೆ ನೆರಳು ಬೇಕು."

ಮೇಡಂ ಬರಲಿಲ್ಲ. ಈಗ ಬೇರೆ ಯಾವುದೋ ಕ್ಯಾಂಪಿನಲ್ಲಿ ತರಗತಿ ನಡೆಸುತ್ತಾರಂತೆ. ಅವರ ಜಾಹೀರಾತಿನಲ್ಲಿ ಕಿತ್ತಳೆ ಪರದೆಯ ಚಿತ್ರವಿದೆ. ಪರದೆಯ ಅಂಚಿನಲ್ಲಿ ಬ್ಯಾಂಕಿನ ಹಸಿರು ಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಮಾಡಿದ ಕೈಗಳ ಸುದ್ದಿ ಮಾತ್ರ ಎಲ್ಲೂ ಇಲ್ಲ. ನೆರಳಿನ ಮಾತಿಗೆ ಮ್ಯಾನೇಜರ್ "ನೋಡೋಣ" ಎಂದು ತೇಲಿಸಿದರು. ಅವರು ನೋಡುವಷ್ಟರಲ್ಲಿ, ಕೆಲಸಕ್ಕೆ ಮರಳಿದ್ದ ಮೂವರು ಹೆಂಗಸರು ಎಸೆಯಲಿಟ್ಟಿದ್ದ ದೊಡ್ಡ ಡೇರೆಯನ್ನು ಹೊಲಿದು, ಕೆರೆಗೆ ಮುಖ ಮಾಡಿ, ಅತಿಥಿಗಳ ಸಾಲಿನಲ್ಲೇ ನಿಲ್ಲಿಸಿಬಿಟ್ಟರು. ಒಳಗೆ ಹಗ್ಗದ ಕಾಲೊರಸು, ಡಬ್ಬದ ದೀಪ. ತೆಗೆಯಿರಿ ಎಂದರು ಮ್ಯಾನೇಜರ್. "ನೀವೇ ಬಿಚ್ಚಿ ಸರ್" ಎಂದರು ಅಕ್ಕ. ಅದು ಹಾಗೇ ನಿಂತಿದೆ. ಈಗ ಮಧ್ಯಾಹ್ನದ ಊಟ ಅಲ್ಲೇ.

ಆದರೂ ಅಕ್ಕನ ಸಿಟ್ಟು ಇಳಿದಿಲ್ಲ. ಯಾಕಿಳಿಯಬೇಕು? ಬಡವರ ಮನೆಯ ಚಂದವನ್ನು ನೋಡಿ ಬಾಯಿ ಚಪ್ಪರಿಸಿ, ಅದು ಮೂಲೆಗೆ ಬಿದ್ದಿತ್ತು ಎನ್ನುವವರು ಒಬ್ಬಿಬ್ಬರಲ್ಲ. ಪತ್ರಿಕೆಯ ವಾರದ ಕೊನೆಯ ಓದಿಗೆ ಹಿತವಾಗಲೆಂದು ಈ ಸಿಟ್ಟಿಗೆ ಸಕ್ಕರೆ ಬೆರೆಸುವುದು ಅಕ್ಕನಿಗೂ ಬೇಕಿಲ್ಲ.

ಮಾತು ಬಿಟ್ಟಿದ್ದ ಅತ್ತೆ ಒಂದು ಬೆಳಿಗ್ಗೆ ತಾವಾಗಿಯೇ ಸೂಜಿಡಬ್ಬಿಯನ್ನು ಸೊಸೆಯ ಮುಂದೆ ತಂದಿಟ್ಟರು. "ಕೂತ್ಕೋ. ನಾನು ಜೋಡಿಸಿ ಕೊಡ್ತೀನಿ, ನೀನು ಹೊಲಿ" ಎಂದರು. ಯಾವ ದಾರ ಎಂದು ಸೊಸೆ ಕೇಳಿದರು. "ಕೆಂಪು. ಎಲ್ಲೆಲ್ಲಿ ಕತ್ತರಿಸಿದ್ರೋ ಅಲ್ಲೆಲ್ಲ ಕಾಣಲಿ."

ಕೌದಿ ಮತ್ತೆ ಮಂಚದ ಮೇಲಿದೆ, ಮೈತುಂಬ ಕೆಂಪು ಗೆರೆಗಳು. ನೀಲಿ ಚುಕ್ಕಿಯಿದ್ದ ಜಾಗ ಖಾಲಿ. ಬೇರೆ ಬಟ್ಟೆ ಕೂಡಿಸಲು ಅತ್ತೆ ಬಿಡಲಿಲ್ಲ. ಸುತ್ತ ಅಂಚು ಮಡಿಸಿ ಹೊಲಿದು ಕಿಟಕಿಯಂತೆ ಬಿಟ್ಟಿದ್ದಾರೆ. ಅಕ್ಕನ ಗಂಡ ಮಧ್ಯಾಹ್ನ ಅಡ್ಡಾದಾಗ ಅದರಲ್ಲಿ ಕಾಲು ಸಿಕ್ಕಿಕೊಂಡರೆ ಅತ್ತೆ ಅವರನ್ನೇ ಗದರುತ್ತಾರೆ.

ನಿಮ್ಮ ಆಸೆ ಏನು ಎಂದು ಹೊರಡುವಾಗ ಕೇಳಿದರೆ, ಅಕ್ಕ ಇನ್ನೊಂದು ಡೇರೆಯ ಜಿಪ್ಪು ಎಳೆಯುತ್ತಾ ಒಳಗಿಂದಲೇ ಹೇಳುತ್ತಾರೆ: "ಇದು ಪೇಪರಲ್ಲಿ ಬರುತ್ತಲ್ವಾ? ಹಾಗಾದ್ರೆ ಹೀಗೆ ಬರೀರಿ. ಬಿಳಿ ಬಟ್ಟೆ, ನೀಲಿ ಚುಕ್ಕಿ, ಅಂಗೈಗಿಂತ ಸ್ವಲ್ಪ ದೊಡ್ಡದು. ಯಾರ ಮನೇಲಿದ್ಯೋ ಅವರು ತಂದು ಕೊಡಲಿ. ಬಸ್ ನಿಲ್ದಾಣದ ಹಿಂದೆ, ಸೈಕಲ್ ಅಂಗಡಿ ಮೇಲೆ. ನಾನು ಬೈತೀನಿ. ಬೈಸ್ಕೊಂಡು, ಒಂದು ಲೋಟ ಚಹಾ ಕುಡಿದು ಹೋಗಲಿ."