ಬಾಗಿಲಿಗೆ ಬಂದು ಕರೆಯದ ಮುಯ್ಯಿ

“ಅಮ್ಮಾ, ಪುಷ್ಪತ್ತೆ ಕಂಡ್ರೆ ಕಂಪ್ಯೂಟರಿಗೂ ಹೆದ್ರಿಕೇನಾ?”

ಮೇಘಶ್ರೀ ಇದನ್ನು ಕೇಳಿದ್ದು ಊಟದ ನಡುವೆ, ಬಾಯಿ ತುಂಬ ಅನ್ನ ಇಟ್ಟುಕೊಂಡು. ಶಿವಲೀಲಾ ಮೊದಲು “ನುಂಗು” ಎಂದಳು. ಆಮೇಲೆ ನಗು ಬಂತು. ಪುಷ್ಪಾವತಿಯನ್ನು ಕಂಡರೆ ಹೆದರದವರು ಸಾಸ್ವೆಹಳ್ಳಿಯಲ್ಲಿ ಯಾರಿದ್ದಾರೆ? ಬಸ್ ನಿಲ್ಲುವ ಜಾಗದ ಎದುರಿಗೆ, ಹಾಲೇಶಪ್ಪನವರ ಮನೆಯ ಮುಂಭಾಗದ ಬಾಡಿಗೆ ಕೋಣೆಯಲ್ಲಿ ಆಕೆಯ ಜೆರಾಕ್ಸ್ ಅಂಗಡಿ. ಪಹಣಿ ತೆಗೆಸುವವರು, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು ಎಲ್ಲ ಅಲ್ಲಿಗೇ ಬರಬೇಕು, ಬಂದವರು ಬೈಸಿಕೊಂಡೇ ಹೋಗಬೇಕು. ಆಧಾರ್ ಮರೆತು ಬಂದರೆ ಬೈಗುಳ, ಒದ್ದೆ ಕೈಯಲ್ಲಿ ಕಾಗದ ಕೊಟ್ಟರೆ ಬೈಗುಳ. ಕೆಲಸ ಮಾತ್ರ ಯಾರದೂ ನಿಂತಿದ್ದಿಲ್ಲ.

“ಹಂಗ್ಯಾಕೆ ಕೇಳ್ತೀಯೇ?”

“ಅವ್ರು ಕುಂತಾಗ ಸುಮ್ನೆ ಇರ್ತೈತೆ. ಎದ್ದು ಜೆರಾಕ್ಸ್ ತೆಗಿಯಾಕೆ ಹೋದ್ರೆ ಬುರ್ರ್ ಅಂತ ಕೂಗ್ತೈತೆ. ನಮ್ ಮಿಸ್ ಆಚೆ ಹೋದ್ರೆ ನಾವೂ ಹಂಗೇ ಮಾಡ್ತೀವಿ.”

ಶಿವಲೀಲಾಳ ನಗು ಅಲ್ಲಿಗೇ ನಿಂತಿತು. ಆ ಬುರ್ರ್ ಸದ್ದಿನ ದೆಸೆಯಿಂದ ಪುಷ್ಪಕ್ಕ ಅಂಗಡಿ ಬಿಡಬೇಕಾಗಿ ಬಂದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾದ ಕಾಟ ಅದು. ಅಂಗಡಿಯ ಎರಡು ಕಂಪ್ಯೂಟರುಗಳೂ ಕೆಂಡದ ಹಾಗೆ ಕಾಯುವುದು, ಕಾದು ಕಾದು ತಾವೇ ಆರಿಹೋಗುವುದು. ಅರ್ಧ ತುಂಬಿದ ಅರ್ಜಿ ಅರ್ಧಕ್ಕೇ ಹೋಗುವುದು. ತ್ಯಾವಣಿಗೆಯಿಂದ ಬಸ್ಸು ಹಿಡಿದು ಬಂದವನೊಬ್ಬ “ಈಯಮ್ಮಂಗೆ ಮಿಷನ್ ನಡೆಸಾಕೆ ಬರಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಅಂದುಹೋಗಿದ್ದ. ಇಪ್ಪತ್ತು ವರ್ಷದಿಂದ ಕೀಲಿಮಣೆಯ ಮೇಲೆ ಬೆರಳಾಡಿಸಿದವಳಿಗೆ ಆ ಮಾತು! ಪುಷ್ಪಕ್ಕ ರಟ್ಟು ಹಿಡಿದು ಕಂಪ್ಯೂಟರಿನ ಡಬ್ಬಕ್ಕೆ ಗಾಳಿ ಬೀಸಿದಳು, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದಳು, ಮನೆಯ ಟೇಬಲ್ ಫ್ಯಾನ್ ತಂದು ಅದರ ಬೆನ್ನಿಗೆ ತಿರುಗಿಸಿ ತಾನು ಬೆವರುತ್ತಾ ಕೂತಳು. ಕೊನೆಗೆ ಹೊನ್ನಾಳಿಯಿಂದ ವಿನೋದನನ್ನು ಕರೆಸಿದಳು. ಅವಳ ಕಂಪ್ಯೂಟರುಗಳಿಗೆ ವಿಂಡೋಸ್ ಹಾಕಿಕೊಟ್ಟವನು, ರಿಪೇರಿ ಮಾಡುವವನು ಅವನೇ. ಅವನು ಮುಚ್ಚಳ ಬಿಚ್ಚಿ, ಬ್ಲೋವರ್ ಹಿಡಿದು ಊದಿ, ರಸ್ತೆ ಕಡೆ ಕೈ ತೋರಿಸಿದ.

“ಧೂಳು ಅಕ್ಕಾ. ಎದುರಿಗೆ ಮೆಕ್ಕೆಜೋಳ ಒಣಗಾಕ್ಯಾರಲ್ಲ, ಇನ್ನೇನಾಕೈತೆ?”

ಅಷ್ಟು ಮಾತೇ ಸಾಕಾಯಿತು. ಹಾಲೇಶಪ್ಪನವರು ಪ್ರತಿವರ್ಷವೂ ತಮ್ಮ ಮನೆ ಮುಂದಿನ ರಸ್ತೆ ಬದಿಗೇ ಜೋಳ ಹರವುತ್ತಿದ್ದರು. ಅವತ್ತು ಪುಷ್ಪಕ್ಕ ಹೊಸ್ತಿಲ ಮೇಲೆ ನಿಂತು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಾಡಿದಳು. “ಬೇಕಂತ್ಲೇ ಹರವ್ತೀರಿ! ನನ್ನ ಎಬ್ಬಿಸಿ ಇನ್ನೊಬ್ರಿಗೆ ಕೋಣೆ ಕೊಡಾಕೆ ಇದೊಂದು ದಾರಿ ಹುಡ್ಕೀರಿ!” ಹಾಲೇಶಪ್ಪನವರು ಎತ್ತರದ ದನಿಯಲ್ಲಿ ಮಾತಾಡಿದವರೇ ಅಲ್ಲ. ಕಾಲಿನಿಂದ ಜೋಳ ಕೆದರುತ್ತಿದ್ದವರು ನಿಂತು, “ಹಂಗನಿಸಿದ್ರೆ ಬಿಟ್ಬಿಡವ್ವ. ಒಕ್ಕಣೆ ಮುಗಿಯೋದ್ರೊಳಗೆ ಖಾಲಿ ಮಾಡು” ಅಂದರು. ಅಷ್ಟೇ. ಮತ್ತೆ ಕೆದರತೊಡಗಿದರು.

ಆ ಕೋಣೆ ಹೋದರೆ ಪುಷ್ಪಕ್ಕನಿಗೆ ಅಂಗಡಿಯೊಂದೇ ಹೋಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಸುತ್ತಲಿನ ಹಳ್ಳಿಗಳ ಹುಡುಗಿಯರು ಅಲ್ಲಿಗೆ ಟೈಪಿಂಗ್ ಕಲಿಯಲು ಬರುತ್ತಿದ್ದರು. ಬಸ್ಸಿಳಿದರೆ ಬಾಗಿಲು, ಬಾಗಿಲಲ್ಲಿ ಹಾಲೇಶಪ್ಪನವರಂಥ ಹಿರಿಯರು, ಹಾಗಾಗಿ ಅಪ್ಪಂದಿರು ಕಳಿಸುತ್ತಿದ್ದರು. ಬೇರೆ ಸಂದಿಯಲ್ಲಿ ಕೋಣೆ ಹಿಡಿದರೆ ಒಬ್ಬಳೂ ಬರುವುದಿಲ್ಲವೆಂದು ಪುಷ್ಪಕ್ಕನಿಗೆ ಗೊತ್ತಿತ್ತು. ಹುಡುಗಿಯರು ಅಕ್ಷರ ಹುಡುಕುತ್ತಾ ಕೀಲಿಮಣೆ ನೋಡಿದರೆ ತನ್ನ ಹೆಗಲ ಟವೆಲ್ಲನ್ನೇ ಅವರ ಕೈಮೇಲೆ ಹೊದಿಸುತ್ತಿದ್ದಳು. “ಕಣ್ಣು ಪರದೆ ಮೇಲಿರ್ಲಿ. ಕೈಗೆ ಬುದ್ಧಿ ಐತೆ, ನಂಬ್ರಿ.” ಅವಳೂ ಹಾಗೆಯೇ ಕಲಿತವಳು, ಜಗಳೂರಿನಲ್ಲಿ. ಬಿಳಿಚೋಡಿನ ಮನೆಯಿಂದ ದಿನಾ ಬಸ್ಸಿಗೆ ಬಂದು. ತಾಯಿ ಉಡಚಮ್ಮ ಊರವರ ಹೊಲಕ್ಕೆಲ್ಲ ಕಳೆಗೆ ಹೋಗಿ ಮಗಳನ್ನು ಕಳಿಸಿದ್ದಳು. ಮದುವೆಯಾಗಿ ಸಾಸ್ವೆಹಳ್ಳಿಗೆ ಬಂದಾಗ ಗಂಡ ನಾಗರಾಜನ ಲಗೇಜ್ ಆಟೋದಲ್ಲಿ ಪಾತ್ರೆಪಡಗಗಳ ನಡುವೆ ಒಂದು ಹಳೇ ಟೈಪ್‌ರೈಟರೂ ಬಂದಿತ್ತಂತೆ.

ಮಾರನೇ ದಿನ ಮಗಳನ್ನು ಶಾಲೆಗೆ ಬಿಟ್ಟು ಶಿವಲೀಲಾ ಸೀದಾ ಅಂಗಡಿಗೆ ಹೋದಳು. ಅವಳು ದಾವಣಗೆರೆಯಲ್ಲಿ ಬಿಸಿಎ ಓದಿದವಳು. ಹೆರಿಗೆಯಾದ ಮೇಲೆ ಅದನ್ನು ಮನೆಯಲ್ಲಿ ಯಾರೂ ನೆನಪಿಸಿಕೊಂಡಿರಲಿಲ್ಲ.

“ಅಕ್ಕಾ, ನೀವು ಎದ್ದು ಹೋದಾಗ್ಲೇ ಇದು ಕೂಗ್ತೈತೆ ಅಂತಾಳೆ ಮೇಘಶ್ರೀ. ಒಂದು ಮಾಡಾಣ. ಇಬ್ರೂ ಏನೂ ಮುಟ್ಟೋದು ಬ್ಯಾಡ. ಸುಮ್ನೆ ಕುಂತು ನೋಡಾಣ.”

“ನೋಡಾಕೆ ಇದೇನು ಸಿನಿಮಾನಾ? ಅಲ್ಲಿ ಜನ ನಿಂತವ್ರೆ.”

“ನಿಂತಿರ್ಲಿ.”

ಯಾವ ಯಾವ ಪ್ರೋಗ್ರಾಮು ನಡೆಯುತ್ತಿದೆ, ಯಾವುದು ಎಷ್ಟು ದುಡಿಯುತ್ತಿದೆ ಎಂದು ವಿಂಡೋಸೇ ತೋರಿಸುವ ಪಟ್ಟಿ ಇರುತ್ತದಲ್ಲ, ಶಿವಲೀಲಾ ಅದನ್ನು ತೆರೆದಿಟ್ಟು ಮೌಸಿನಿಂದ ಕೈ ತೆಗೆದಳು. ಪಟ್ಟಿ ತಣ್ಣಗಿತ್ತು. ಪುಷ್ಪಕ್ಕ ಚಡಪಡಿಸಿದಳು, ಬಾಗಿಲಲ್ಲಿದ್ದವನಿಗೆ ಸುಮ್ಮನಿರಲು ಗದರಿದಳು. ಸ್ವಲ್ಪ ಹೊತ್ತಾಯಿತು. ಡಬ್ಬದೊಳಗಿನ ಫ್ಯಾನು ಮೆಲ್ಲಗೆ ಏರಿತು, ಆಮೇಲೆ ಬುರ್ರೆಂದಿತು. ಪಟ್ಟಿಯ ತಳದಲ್ಲೆಲ್ಲೋ ಇದ್ದ ಒಂದು ಹೆಸರು ಜಿಗಿದು ನೆತ್ತಿಗೆ ಬಂದು ಕೂತಿತು. ವಿಂಡೋಸಿನದೇ ಏನೋ ಇರಬೇಕು ಅನ್ನಿಸುವಂಥ ಹೆಸರು. ಯಂತ್ರದ ಶಕ್ತಿಯನ್ನೆಲ್ಲ ಅದೊಂದೇ ನುಂಗುತ್ತಿತ್ತು. ಶಿವಲೀಲಾ ಮೌಸನ್ನು ಕಿರುಬೆರಳಲ್ಲಿ ಮುಟ್ಟಿದಳು. ಹೆಸರು ತಟ್ಟನೆ ಕೆಳಗಿಳಿಯಿತು, ಫ್ಯಾನು ತಣ್ಣಗಾಯಿತು.

“ಕಳ್ಳ ನನ್ಮಗಂದು!” ಪುಷ್ಪಕ್ಕ ಎದ್ದೇ ನಿಂತಳು. “ಇನ್ನೊಂದ್ಸಲ ತೋರ್ಸು.”

ಇನ್ನೊಂದು ಸಲವೂ ಹಾಗೇ ಆಯಿತು. ಪಕ್ಕದ ಕಂಪ್ಯೂಟರಿನಲ್ಲೂ ಅದೇ.

“ಯಾರೂ ಮುಟ್ಟದೇ ಇದ್ದಾಗ ದುಡಿಯೋ ಹಂಗೆ ಯಾರೋ ಬಚ್ಚಿಟ್ಟಾರೆ ಅಕ್ಕಾ. ಅದಕ್ಕೇ ಕಾಯ್ತಿರೋದು. ಧೂಳಿಂದಲ್ಲ.”

ಬಾಗಿಲಾಚೆ ಜೋಳದ ಮೇಲೆ ಪುಷ್ಪಕ್ಕನ ಕಣ್ಣು ನಿಂತಿತು, ಮುಖ ಕಪ್ಪಿಟ್ಟಿತು. ಆಮೇಲೆ ಫೋನೆತ್ತಿ, “ವಿನೋದಾ, ಇವತ್ತೇ ಬಾ” ಅಂದಳು. ಕೂಗಲಿಲ್ಲ. ಅವಳು ಕೂಗದೆ ಇದ್ದದ್ದಕ್ಕೇ ಶಿವಲೀಲಾಳಿಗೆ ಹೆದರಿಕೆಯಾಯಿತು.

ವಿನೋದ ಊಟದ ಹೊತ್ತಿಗೆ ಬೈಕಿನಲ್ಲಿ ಬಂದ. ಪರದೆಯ ಮೇಲಿನ ಹೆಸರು ನೋಡಿ ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಒಂಥರಾ ಹೆಮ್ಮೆಯಲ್ಲೇ ಕುರ್ಚಿ ಎಳೆದು ಕೂತ.

“ಅಯ್ಯೋ ಅಕ್ಕಾ, ಅದು ವೈರಸ್ ಅಲ್ಲ. ನಾನೇ ಹಾಕಿದ್ದು. ಒಳ್ಳೆ ಕೆಲ್ಸಕ್ಕೇ ಐತೆ ಅದು. ಒಂದು ದೊಡ್ಡ ಲೆಕ್ಕ ಇರ್ತೈತಾ, ಒಂದೇ ಕಂಪ್ಯೂಟರು ಮಾಡಾಕೆ ಕುಂತ್ರೆ ಜನ್ಮ ಹಿಡೀತೈತೆ. ಅದನ್ನ ಚೂರು ಚೂರು ಮಾಡಿ ದೇಶದೇಶದ ಕಂಪ್ಯೂಟರ್‌ಗಳಿಗೆ ಹಂಚ್ತಾರೆ. ರೋಗಕ್ಕೆ ಔಷಧ ಹುಡುಕೋ ಲೆಕ್ಕ. ಕೈ ನಡುಕ, ಮರೆವು, ಅಂಥವಕ್ಕೆ. ನಿಮ್ಮ ಮಿಷನ್ ಖಾಲಿ ಇದ್ದಾಗ ಮಾತ್ರ ಮಾಡ್ತೈತೆ. ಹೊನ್ನಾಳಿ, ನ್ಯಾಮತಿ, ನಾನು ರಿಪೇರಿ ಮಾಡೋ ಕಡೆಯೆಲ್ಲ ಹಾಕೀನಿ. ಹೆಚ್ಚು ಲೆಕ್ಕ ಮಾಡಿದೋರ ಪಟ್ಟೀನಾಗೆ ನಮ್ಮ ಜಿಲ್ಲೆ ಹೆಸ್ರು ಮೇಲಕ್ಕೆ ಬಂದೈತೆ ಗೊತ್ತಾ?”

“ಜಿಲ್ಲೆ ಹೆಸ್ರಾ, ನಿನ್ನ ಹೆಸ್ರಾ?” ಶಿವಲೀಲಾ ಕೇಳಿದಳು.

ಅವನು ತಲೆ ಕೆರೆದುಕೊಂಡ. “ನನ್ನ ಹೆಸರಲ್ಲೇ ಸೇರ್ಸಿದ್ದು ಅನ್ರಿ.”

“ನನಗ್ಯಾಕೆ ಹೇಳ್ಲಿಲ್ಲ?” ಇದು ಪುಷ್ಪಕ್ಕ.

“ಹೇಳಿದ್ರೆ ನಿಮಗೆ ಅರ್ಥ ಆಗ್ತಿರ್ಲಿಲ್ಲ ಅಕ್ಕಾ. ಸುಮ್ನೆ ಗಾಬ್ರಿ ಆಗ್ತಿದ್ರಿ.”

ಶಿವಲೀಲಾಳ ಮೈ ಉರಿಯಿತು. ‘ಮನೇಲಿ ಖಾಲಿ ಕುಂತಿದ್ದೀಯಲ್ಲ’ ಎಂದು ನಾದಿನಿಯ ಮಕ್ಕಳನ್ನು, ಮೈದುನನ ಪ್ರಾಜೆಕ್ಟನ್ನು, ನೆಂಟರ ಊಟದ ಡಬ್ಬಿಯನ್ನು ಅವಳ ತಲೆಗೆ ಕಟ್ಟುವವರೂ ಇದೇ ದನಿಯಲ್ಲೇ ಮಾತಾಡುತ್ತಿದ್ದರು.

“ಅರ್ಥ ಆಗಲ್ಲ,” ಪುಷ್ಪಕ್ಕ ಆ ಮಾತನ್ನು ರುಚಿ ನೋಡುವವಳಂತೆ ಹೇಳಿದಳು. “ಮುಯ್ಯಾಳು ಅಂದ್ರೆ ಗೊತ್ತೇನೋ ನಿಂಗೆ? ಒಂದೇ ಮನೆಯೋರು ಹೊಲದ ಕಳೆ ತೆಗಿಯಾಕೆ ಕುಂತ್ರೆ ಹಂಗಾಮೇ ಮುಗ್ದೋಗ್ತೈತೆ. ಅದಕ್ಕೇ ಕೇರಿಯೋರೆಲ್ಲ ಸಾಲು ಹಂಚ್ಕೊಂಡು ತೆಗೀತಿದ್ರು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ನೀನು ಇಂಗ್ಲಿಷ್ನಾಗೆ ಓದ್ಕಂಡು ಬಂದಿದ್ದು ನಮ್ಮವ್ವ ಸೆರಗು ಕಟ್ಕಂಡು ಮಾಡಿದ್ದೇ ಕಣೋ! ಆದ್ರೆ ಹಿಂದಿನ ದಿನ ಬಾಗಿಲಿಗೆ ಬಂದು ಕರೀತಿದ್ರು. ‘ಉಡಚಮ್ಮಾ, ನಾಳೆ ಮುಯ್ಯಿಗೆ ಬರ್ತೀಯೇನವ್ವಾ’ ಅಂತ. ಬಾಣಂತಿ ಇದ್ದ ಮನೆಗೆ, ಜ್ವರ ಬಂದೋರ ಮನೆಗೆ ಕರಿಯಾಕೆ ಹೋಗ್ತಿರ್ಲಿಲ್ಲ. ಕಟ್ಟೆ ಮೇಲೆ ಖಾಲಿ ಕುಂತವಳೆ ಅಂತ ನಮ್ಮವ್ವನ ರಟ್ಟೆ ಹಿಡ್ಕಂಡು ಯಾವನೂ ಎಳ್ಕಂಡು ಹೋಗ್ಲಿಲ್ಲ!”

“ಅಕ್ಕಾ, ಒಳ್ಳೇದಕ್ಕೇ ಅಲ್ವಾ...”

“ಒಳ್ಳೇದು! ಅದೇ ನಮ್ಮವ್ವ ಕೊನೆಗೆ ಕೈ ನಡುಗಿ ನಡುಗಿ ಅಂಬಲಿ ಲೋಟ ಹಿಡಿಯಾಕಾಗ್ದೆ ಸತ್ಲು. ನೀನು ಬಂದು ಕೇಳಿದ್ರೆ ಬ್ಯಾಡ ಅಂತಿದ್ನಾ ನಾನು? ಬೆಳಿಗ್ಗೆ ಬ್ಯಾಡ, ಜನ ಇರ್ತಾರೆ, ಬಿಸಿಲಿಳಿದ ಮ್ಯಾಲೆ ಮಾಡ್ಕೋ ಅಂತಿದ್ದೆ. ಹಳೇ ಮಿಷನ್ನು, ಕಾಯ್ತೈತೆ ನೋಡ್ಕೋ ಅಂತಿದ್ದೆ.” ಅವಳ ದನಿ ಈಗ ಬಸ್ ನಿಲ್ದಾಣಕ್ಕೆ ಮುಟ್ಟುತ್ತಿತ್ತು. “ಅದೂ ಹೋಗ್ಲಿ. ನಾನು ಕರೆಸಿ ಕೇಳಿದಾಗ ಧೂಳು ಅಂದೋನು ಯಾರು? ಹೊರಗೆ ಕೈ ತೋರ್ಸಿದೋನು ಯಾರು? ನೀನಿಟ್ಟಿದ್ದು ನಿನಗೆ ನೆನಪಿರ್ಲಿಲ್ವಾ?”

ವಿನೋದ ನೆಲ ನೋಡಿದ. “ನೆನಪಿತ್ತು. ಇಷ್ಟು ಕಾಯ್ತೈತೆ ಅಂತ... ಧೂಳೂ ಇತ್ತಕ್ಕಾ.”

“ತೆಗಿ. ನಾವಿಬ್ರೂ ನೋಡ್ತಾ ಇರಂಗೆ ತೆಗಿ.”

ತೆಗೆದ. ಶಿವಲೀಲಾ ಪಕ್ಕದಲ್ಲೇ ನಿಂತು, ಅದು ಮತ್ತೆ ತಾನಾಗಿ ಏಳುವ ಜಾಗಗಳನ್ನೆಲ್ಲ ತೋರಿಸಿ ತೋರಿಸಿ ತೆಗೆಸಿದಳು. ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಪುಷ್ಪಕ್ಕನ ಕೈಯಲ್ಲೇ ಹಾಕಿಸಿದಳು. ಏಳುವಾಗ ವಿನೋದ, “ಹಾಲೇಶಪ್ಪರಿಗೆ ನಾನೇ ಹೇಳ್ಲಾ?” ಎಂದು ಕೇಳಿದ.

“ನೀನು ಹೊನ್ನಾಳಿಯಿಂದ ನ್ಯಾಮತಿ ತನಕ ಯಾರ್ಯಾರ ಮಿಷನ್‌ನಾಗೆ ಕದ್ದು ಕೂರ್ಸೀಯೋ, ಅವರವರ ಬಾಗಿಲಿಗೆ ಹೋಗು. ಹೇಳು, ಕೇಳು. ಹೂಂ ಅಂದ್ರೆ ಇಡು, ಊಹೂಂ ಅಂದ್ರೆ ಕಿತ್ತಾಕು. ಇಲ್ಲಿದು ನಾನೇ ಹೇಳ್ಕಂತೀನಿ. ಬಾಯಿ ಬಿಟ್ಟೋಳು ನಾನು.”

ಬೈಕು ಹೋಯಿತು. ಕಂಪ್ಯೂಟರುಗಳೆರಡೂ ಖಾಲಿಯೇ ಇದ್ದವು, ಆದರೂ ಸದ್ದಿಲ್ಲ. ಪುಷ್ಪಕ್ಕ ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದಳು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಮೂಗಿನ ಹೊಳ್ಳೆ ಅದುರುತ್ತಿತ್ತು. ಹೊರಗೆ ಹಾಲೇಶಪ್ಪನವರು ಪಂಚೆ ಎತ್ತಿ ಕಟ್ಟಿ, ಜೋಳದ ನಡುವೆ ಕಾಲೆಳೆಯುತ್ತಾ ಗೆರೆ ಮೂಡಿಸುತ್ತಾ ನಡೆಯುತ್ತಿದ್ದರು. ಅಂಗಡಿಯ ಬಾಗಿಲಿನ ಮುಂದೆ ಒಂದು ಮಾರು ಜಾಗ ಜೋಳವಿಲ್ಲದೆ ಬರಿದಾಗಿತ್ತು. ಜಗಳವಾದ ಮಾರನೇ ದಿನವೇ ಅವರು ಅಷ್ಟನ್ನು ಆಚೆಗೆ ಎಳೆದುಕೊಂಡಿದ್ದರು. ಪುಷ್ಪಕ್ಕ ಅದನ್ನು ಗಮನಿಸಿದ್ದು ಈಗ.

ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಳು. ಶಾಲೆ ಬಿಡುವ ಹೊತ್ತಾಯಿತೆಂದು ಶಿವಲೀಲಾ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಕರೆದಳು.

“ಶಿವಲೀಲಾ, ಒಂದು ಉಪ್ಕಾರ ಮಾಡ್ತೀಯೇನವ್ವಾ? ಸಂಜಿಗೆ ಹಾಲೇಶಪ್ಪರ ಮನೆಗೆ ಹೋಗ್ಬೇಕು, ನನ್ನ ಜೊತಿಗೆ ಬಾ. ಮಾತು ನಾನೇ ಆಡ್ತೀನಿ. ತಪ್ಪಾತು ಅನ್ನಾಕೆ ಹೋಗಿ ಅಲ್ಲೂ ನನ್ನ ದನಿ ಏರಿದ್ರೆ, ಹಿಂದಿಂದ ಸೆರಗು ಜಗ್ಗು. ಜೋರಾಗೇ ಜಗ್ಗು. ಮೇಘಶ್ರೀನೂ ಕರ್ಕಂಡ್ ಬಾ.”